ಹೊಸ ಸರ್ಕಾರ, ಹಳೆಯ ಸಾಲ

ತಂದೆಯ ತರುವಾಯ ಮನೆಯ ಯಜಮಾನಿಕೆ ವಹಿಸಿಕೊಂಡ ಮಗನಿಗೆ ಬೀಗದ ಕೈಗಳೊಡನೆ ಸಾಲದ ಪತ್ರಗಳೂ ಕೈಗೆ ಬರುವುದು ಲೋಕದಲ್ಲಿ ಹೊಸತಲ್ಲ. ಊರವರು ಬಂದು ಹಾರೈಸಿ ಹೋಗುತ್ತಾರೆ. ಅವರ ಹಿಂದೆಯೇ ಸಾಲಗಾರರು ಬಂದು ಜಗಲಿಯ ಮೇಲೆ ಕುಳಿತುಕೊಳ್ಳುತ್ತಾರೆ. ಸರ್ಕಾರಗಳ ವಿಷಯದಲ್ಲಿಯೂ ಇದೇ ನಿಯಮ. ಚುನಾವಣೆಯಲ್ಲಿ ಗೆದ್ದ ಪಕ್ಷ ಅಧಿಕಾರ ಸೂತ್ರವನ್ನು ಹಿಡಿಯುವ ದಿನ ಮೆರವಣಿಗೆ, ಹಾರ, ತುರಾಯಿಗಳಿರುತ್ತವೆ. ಮಾರನೆಯ ದಿನ ಅರ್ಥಸಚಿವರು ಬೊಕ್ಕಸದ ಬಾಗಿಲು ತೆರೆದು ನೋಡಿದಾಗಲೇ ನಿಜಸ್ಥಿತಿ ತಿಳಿಯುವುದು. ಕೊಟ್ಟ ಮಾತು ಹೊಸದು, ತೀರಿಸಬೇಕಾದ ಸಾಲ ಹಳೆಯದು. ಇವೆರಡರ ನಡುವೆ ನಿಂತ ಸರ್ಕಾರ ಏನು ಮಾಡಬೇಕು? ಅದು ಮಾಡುವ ತೀರ್ಮಾನಗಳಿಂದ ವರ್ತಕರು, ಕೈಗಾರಿಕೋದ್ಯಮಿಗಳು, ಬೆಳೆಗಾರರು, ಕೂಲಿಗಾರರು ಯಾವ ಬಗೆಯಲ್ಲಿ ಏಳುಬೀಳುಗಳನ್ನು ಕಾಣುತ್ತಾರೆ? ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಮತದಾನದ ಹಕ್ಕು ಪಡೆದ ನಮ್ಮೆಲ್ಲರಿಗೂ ಇದು ಸಂಬಂಧಪಟ್ಟ ಪ್ರಶ್ನೆಯಾಗಿದೆ.

ಈ ಪ್ರಶ್ನೆಯನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ನಮ್ಮ ದೇಶದ ಚರಿತ್ರೆಯಿಂದಲೇ ಒಂದು ನಿದರ್ಶನವನ್ನು ತೆಗೆದುಕೊಂಡು ನೋಡುವುದು ಲೇಸು. 1991ರಲ್ಲಿ ಅಧಿಕಾರಕ್ಕೆ ಬಂದ ಶ್ರೀ ಪಿ. ವಿ. ನರಸಿಂಹರಾಯರ ಸರ್ಕಾರಕ್ಕಿಂತ ಉತ್ತಮವಾದ ನಿದರ್ಶನ ಬೇರೊಂದಿಲ್ಲ. ಇಂದು ಈ ಕಾಲೇಜಿನ ತರಗತಿಗಳಲ್ಲಿ ಕುಳಿತಿರುವ ನಾವಾರೂ ಆಗ ಹುಟ್ಟಿರಲಿಲ್ಲ. ಆದರೆ ನಾವು ಕೊಳ್ಳುವ ಸರಕು, ಹುಡುಕುವ ಉದ್ಯೋಗ, ನಮ್ಮ ಹಿರಿಯರು ಬೆಳೆಯುವ ಬೆಳೆಯ ಬೆಲೆ ಇವೆಲ್ಲವೂ ಆ ವರ್ಷದ ತೀರ್ಮಾನಗಳಿಗೆ ಇಂದಿಗೂ ಕಟ್ಟುಬಿದ್ದಿವೆ. ಆ ಸರ್ಕಾರವನ್ನು ದೇಶೋದ್ಧಾರಕವೆಂದು ಹೊಗಳುವವರಿದ್ದಾರೆ. ದೇಶವನ್ನು ಪರಕೀಯರಿಗೆ ಒತ್ತೆಯಿಟ್ಟಿತೆಂದು ತೆಗಳುವವರೂ ಇದ್ದಾರೆ. ಈ ಎರಡು ಅಭಿಪ್ರಾಯಗಳೂ ಮೊದಲ ಒಂದು ತಿಂಗಳ ಕೆಲಸವನ್ನು ನೋಡಿ ಹುಟ್ಟಿದವು ಎಂದು ನನಗೆ ತೋರುತ್ತದೆ. ಸರ್ಕಾರವೊಂದನ್ನು ಅಳೆಯಬೇಕಾದುದು ಅಪಾಯದ ದಿನಗಳಲ್ಲಿ ಅದು ಏನು ಮಾಡಿತೆಂಬುದರಿಂದಲ್ಲ, ಅಪಾಯ ಕಳೆದ ಮೇಲೆ ಏನನ್ನು ಮುಂದುವರಿಸಿತೆಂಬುದರಿಂದ. ಈ ಮಾತನ್ನು ಸಮರ್ಥಿಸುವುದೇ ಈ ಲೇಖನದ ಉದ್ದೇಶ.

ಮೊದಲು ಅಂದಿನ ಪರಿಸ್ಥಿತಿಯನ್ನು ನೆನೆಯೋಣ. 1990ರ ಆಗಸ್ಟಿನಲ್ಲಿ ಇರಾಕ್ ದೇಶವು ಕುವೈತಿನ ಮೇಲೆ ದಂಡೆತ್ತಿ ಹೋಯಿತು. ತೈಲದ ಬೆಲೆ ಏಕಾಏಕಿ ಏರಿತು. ಅಲ್ಲಿ ದುಡಿಯುತ್ತಿದ್ದ ಲಕ್ಷಕ್ಕೂ ಹೆಚ್ಚು ಮಂದಿ ಭಾರತೀಯರು ಇದ್ದುದನ್ನೆಲ್ಲ ಬಿಟ್ಟು ಸ್ವದೇಶಕ್ಕೆ ಮರಳಿದರು. ಅವರಲ್ಲಿ ನಮ್ಮ ಕರಾವಳಿಯವರೂ ಅನೇಕರಿದ್ದರು. ಅವರು ಮನೆಗೆ ಕಳುಹಿಸುತ್ತಿದ್ದ ಹಣ ನಿಂತಿತು. ಹೊರದೇಶಗಳಲ್ಲಿದ್ದ ಭಾರತೀಯರು ನಮ್ಮ ಬ್ಯಾಂಕುಗಳಲ್ಲಿಟ್ಟಿದ್ದ ಠೇವಣಿಗಳನ್ನು ಹಿಂದಕ್ಕೆ ಪಡೆಯತೊಡಗಿದರು. ಆದರೆ ಯುದ್ಧವೊಂದನ್ನೇ ದೂರುವುದು ನ್ಯಾಯವಲ್ಲ. ಅದಕ್ಕೆ ಮೊದಲಿನ ಹತ್ತು ವರ್ಷಗಳಲ್ಲಿ ಕೇಂದ್ರ ಸರ್ಕಾರವು ಆದಾಯಕ್ಕೆ ಮೀರಿ ವೆಚ್ಚ ಮಾಡುತ್ತ ಬಂದಿದ್ದಿತು. 1990-91ರಲ್ಲಿ ಅದರ ವಿತ್ತೀಯ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇಕಡ 8ರ ಆಸುಪಾಸಿಗೆ ಮುಟ್ಟಿದ್ದಿತು. ಸರ್ಕಾರದ ಒಟ್ಟು ವೆಚ್ಚದಲ್ಲಿ ಸುಮಾರು ಐದನೆಯ ಒಂದು ಭಾಗ ಬಡ್ಡಿಗೇ ಹೋಗುತ್ತಿದ್ದಿತು. ಯುದ್ಧ ಬಿರುಗಾಳಿಯಾದರೆ ಈ ಸಾಲ ಗೆದ್ದಲು ತಿಂದ ತೊಲೆ. ಗಾಳಿ ಬೀಸಿದಾಗ ಮನೆ ಅಲುಗಾಡಿತು.

ರಾಜಕೀಯದ ಅಸ್ಥಿರತೆಯೂ ಇದರೊಡನೆ ಕೂಡಿಕೊಂಡಿತು. 1990ರ ನವೆಂಬರಿನಲ್ಲಿ ಒಂದು ಸರ್ಕಾರ ಬಿದ್ದಿತು. 1991ರ ಮಾರ್ಚಿನಲ್ಲಿ ಅದರ ಮುಂದಿನ ಪ್ರಧಾನಮಂತ್ರಿಗಳೂ ರಾಜೀನಾಮೆ ಕೊಟ್ಟರು. ಆ ವರ್ಷ ಪೂರ್ಣ ಪ್ರಮಾಣದ ಆಯವ್ಯಯವನ್ನೇ ಸಕಾಲದಲ್ಲಿ ಮಂಡಿಸಲಾಗಲಿಲ್ಲ. ಚುನಾವಣೆಯ ನಡುವೆ, ಮೇ 21ರಂದು, ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಜೂನ್ 21ರಂದು ನರಸಿಂಹರಾಯರು ಪ್ರಮಾಣವಚನ ಸ್ವೀಕರಿಸಿದಾಗ ಅವರ ಪಕ್ಷಕ್ಕೆ ಲೋಕಸಭೆಯಲ್ಲಿ ಸ್ಪಷ್ಟ ಬಹುಮತವಿರಲಿಲ್ಲ. ದೇಶದ ಕೈಯಲ್ಲಿ ಉಳಿದಿದ್ದ ವಿದೇಶೀ ವಿನಿಮಯ ಸುಮಾರು 100 ಕೋಟಿ ಡಾಲರು ಮಾತ್ರ. ಅದು ಎರಡು ಮೂರು ವಾರಗಳ ಆಮದಿಗೆ ಸಾಲುವಷ್ಟು ಹಣ.

ಇಂಥ ಸ್ಥಿತಿಯು ವ್ಯಾಪಾರ ಕೈಗಾರಿಕೆಗಳನ್ನು ಹೇಗೆ ಮುಟ್ಟುತ್ತದೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಡಾಲರು ಇಲ್ಲವೆಂದರೆ ದೆಹಲಿಯ ಕಚೇರಿಗೆ ಮಾತ್ರ ಕಷ್ಟವೆಂದು ಭಾವಿಸುತ್ತೇವೆ. ಆದರೆ ಡಾಲರುಗಳನ್ನು ಉಳಿಸುವುದಕ್ಕಾಗಿ ಆಮದಿನ ಮೇಲೆ ಬಿಗಿಯಾದ ಕಟ್ಟುಪಾಡುಗಳನ್ನು ವಿಧಿಸಲಾಯಿತು. 1991ರ ಏಪ್ರಿಲ್ ವೇಳೆಗೆ ಅನೇಕ ಸರಕುಗಳನ್ನು ತರಿಸುವವನು ಅವುಗಳ ಬೆಲೆಯ ಎರಡರಷ್ಟು ನಗದನ್ನು ಮುಂಗಡವಾಗಿ ಬ್ಯಾಂಕಿನಲ್ಲಿ ಇಡಬೇಕಾಗಿದ್ದಿತು. ದೊಡ್ಡ ಕಾರ್ಖಾನೆ ಹೇಗೋ ಈ ಹಣವನ್ನು ಹೊಂದಿಸೀತು. ನಾಲ್ಕು ಲೇತ್ ಯಂತ್ರಗಳನ್ನು ಇಟ್ಟುಕೊಂಡು ಬಿಡಿಭಾಗಗಳನ್ನು ಮಾಡುವವನು ಎಲ್ಲಿಂದ ತಂದಾನು? ಕಚ್ಚಾ ಸಾಮಗ್ರಿ ಬಾರದಿದ್ದರೆ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತರೆ ವಾರದ ಕೂಲಿ ನಿಲ್ಲುತ್ತದೆ. 1991-92ರಲ್ಲಿ ದೇಶದ ಕೈಗಾರಿಕಾ ಉತ್ಪತ್ತಿಯ ಬೆಳವಣಿಗೆ ಹೆಚ್ಚುಕಡಮೆ ನಿಂತೇಹೋಯಿತು. ಇಡೀ ಅರ್ಥವ್ಯವಸ್ಥೆಯ ಬೆಳವಣಿಗೆ ಶೇಕಡ 1ರ ಆಸುಪಾಸಿಗೆ ಇಳಿಯಿತು.

ಈ ಹಿನ್ನೆಲೆಯಲ್ಲಿ ಹೊಸ ಸರ್ಕಾರದ ಮೊದಲ ತಿಂಗಳನ್ನು ನೋಡಬೇಕು. ಅರ್ಥಸಚಿವರಾದ ಡಾ. ಮನಮೋಹನ ಸಿಂಗರು ರಾಜಕಾರಣಿಗಳಾಗಿರದೆ ಅರ್ಥಶಾಸ್ತ್ರಜ್ಞರಾಗಿದ್ದವರು. ಹಿಂದೆ ರಿಜರ್ವ್ ಬ್ಯಾಂಕಿನ ಗವರ್ನರಾಗಿದ್ದವರು. ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯ ಬೆಲೆಯನ್ನು ಒಟ್ಟು ಶೇಕಡ 18-19ರಷ್ಟು ಇಳಿಸಲಾಯಿತು. 21 ರೂಪಾಯಿಗೆ ದೊರೆಯುತ್ತಿದ್ದ ಡಾಲರಿಗೆ 26 ರೂಪಾಯಿ ತೆರಬೇಕಾಯಿತು. ಹಿಂದಿನ ಸರ್ಕಾರವು ಮೇ ತಿಂಗಳಲ್ಲಿಯೇ 20 ಟನ್ ಚಿನ್ನವನ್ನು ಹೊರದೇಶಕ್ಕೆ ಕಳುಹಿಸಿ ಹಣ ಪಡೆದಿದ್ದಿತು. ಜುಲೈಯಲ್ಲಿ ರಿಜರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಲಂಡನ್ನಿಗೆ ಹೋಯಿತು. ಜುಲೈ 24ರಂದು ಒಂದೇ ದಿನ ಹೊಸ ಕೈಗಾರಿಕಾ ನೀತಿಯೂ ಆಯವ್ಯಯವೂ ಸಂಸತ್ತಿನ ಮುಂದೆ ಬಂದುವು. 18 ಕೈಗಾರಿಕೆಗಳ ಹೊರತು ಉಳಿದವುಗಳಿಗೆ ಲೈಸೆನ್ಸು ಪಡೆಯುವ ಅಗತ್ಯವಿಲ್ಲವೆಂದಾಯಿತು. ಸರ್ಕಾರಿ ವಲಯಕ್ಕೆಂದೇ ಮೀಸಲಾಗಿದ್ದ ಕ್ಷೇತ್ರಗಳು 17ರಿಂದ 8ಕ್ಕೆ ಇಳಿದುವು. ಮುಖ್ಯವಾದ 34 ಕೈಗಾರಿಕೆಗಳಲ್ಲಿ ಶೇಕಡ 51ರವರೆಗೆ ವಿದೇಶೀ ಬಂಡವಾಳಕ್ಕೆ ಸುಲಭವಾಗಿ ಅನುಮತಿ ದೊರೆಯುವಂತಾಯಿತು. ಆಮದು ಸುಂಕದ ಗರಿಷ್ಠ ಮಟ್ಟ ಶೇಕಡ 300ರಿಂದ 150ಕ್ಕೆ ಇಳಿಯಿತು. 1995ರ ವೇಳೆಗೆ ಅದು 50ಕ್ಕೆ ಬಂದಿತು.

ಚಿನ್ನವನ್ನು ಒತ್ತೆಯಿಡುವುದು ನಮ್ಮ ಜನಕ್ಕೆ ಬರಿಯ ಲೆಕ್ಕಾಚಾರದ ಮಾತಲ್ಲ. ಮನೆಯ ಹೆಣ್ಣುಮಕ್ಕಳ ಮೈಮೇಲಿನ ಒಡವೆ ಸಾಹುಕಾರನ ಪೆಟ್ಟಿಗೆ ಸೇರಿತೆಂದರೆ ಮನೆತನದ ಮರ್ಯಾದೆಯೇ ಹೋಯಿತೆಂದು ಭಾವಿಸುವವರು ನಾವು. ಆದುದರಿಂದ ಅಂದಿನ ಕೋಪತಾಪಗಳು ಅರ್ಥವಾಗುವಂಥವು. ಆದರೂ ಒಡವೆಯನ್ನು ಒತ್ತೆಯಿಟ್ಟು ಬಿತ್ತನೆಗೆ ಬೀಜ ತಂದವನನ್ನೂ, ಒತ್ತೆಯಿಟ್ಟು ಹಬ್ಬ ಮಾಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೊಟ್ಟ ಮಾತಿಗೆ ತಪ್ಪಿ ವಿದೇಶೀ ಸಾಲವನ್ನು ತೀರಿಸದೆ ಕೈಚೆಲ್ಲಿದ್ದರೆ ಮುಂದೆ ಬಹುಕಾಲ ನಮಗೆ ತೈಲವನ್ನಾಗಲಿ ಗೊಬ್ಬರವನ್ನಾಗಲಿ ಉದ್ದರಿ ಕೊಡುವವರು ಇರುತ್ತಿರಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಚಿನ್ನದ ಮೇಲಿನ ಸಾಲ ತೀರಿತು. 1994-95ರಿಂದ ಮೂರು ವರ್ಷ ದೇಶದ ಉತ್ಪನ್ನ ವರ್ಷಕ್ಕೆ ಶೇಕಡ 7ರ ಆಸುಪಾಸಿನಲ್ಲಿ ಬೆಳೆಯಿತು. ಮೊದಲ ತಿಂಗಳ ಕೆಲಸಕ್ಕೆ ಮೆಚ್ಚುಗೆ ಸಲ್ಲಬೇಕಾದುದೇ ಸರಿ.

ಆದರೆ ಇಲ್ಲಿ ನಿಂತು ಒಂದು ಭೇದವನ್ನು ಗಮನಿಸಬೇಕು. ಲೈಸೆನ್ಸನ್ನು ತೆಗೆಯುವುದು, ಸುಂಕವನ್ನು ಇಳಿಸುವುದು, ರೂಪಾಯಿಯ ಬೆಲೆ ಕಟ್ಟುವುದು ಇವೆಲ್ಲ ಕಟ್ಟು ಬಿಚ್ಚುವ ಕೆಲಸಗಳು. ಇವಕ್ಕೆ ಧೈರ್ಯ ಬೇಕು, ನಿಜ. ಆದರೆ ಹೆಚ್ಚು ಹಣವಾಗಲಿ ಕಾಲವಾಗಲಿ ಬೇಕಿಲ್ಲ. ಒಂದು ಆಜ್ಞೆ, ಒಂದು ಸಹಿ ಸಾಕು. ಹಳ್ಳಿಗೆ ವಿದ್ಯುತ್ತನ್ನು ಒದಗಿಸುವುದು, ಚಿಕ್ಕ ಕಸಬುದಾರನಿಗೆ ನ್ಯಾಯವಾದ ಬಡ್ಡಿಗೆ ಸಾಲ ದೊರಕಿಸುವುದು, ಕೆಲಸ ಕಳೆದುಕೊಂಡವನಿಗೆ ಬೇರೊಂದು ಕಸಬನ್ನು ಕಲಿಸುವುದು, ಒಳ್ಳೆಯ ಶಾಲೆಯನ್ನು ನಡೆಸುವುದು ಇವು ಕಟ್ಟುವ ಕೆಲಸಗಳು. ಇವಕ್ಕೆ ಹತ್ತಾರು ವರ್ಷಗಳ ಪಟ್ಟು ಬೇಕು. ಕಟ್ಟು ಬಿಚ್ಚಿದರೆ ಸಾಕಾಗಿದ್ದ ಉದ್ಯಮಗಳು 1991ರ ಅನಂತರ ಮೇಲೆದ್ದುವು. ಕಟ್ಟಿಕೊಡುವುದೂ ಬೇಕಾಗಿದ್ದ ಉದ್ಯಮಗಳು ಇದ್ದಲ್ಲಿಯೇ ಉಳಿದುವು. ನಮ್ಮ ನಾಡಿನ ಅನುಭವದಿಂದಲೇ ಇದನ್ನು ತೋರಿಸಬಹುದು.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮವನ್ನು ನೋಡಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1985ರಲ್ಲಿಯೇ ಅಲ್ಲಿಗೆ ಬಂದಿದ್ದಿತು. 1991ರ ಆಯವ್ಯಯವು ಸಾಫ್ಟ್‌ವೇರ್ ರಫ್ತಿಗೂ ಆದಾಯ ತೆರಿಗೆಯ ರಿಯಾಯಿತಿಯನ್ನು ಕೊಟ್ಟಿತು. ಡಾಲರಿಗೆ ಹೆಚ್ಚು ರೂಪಾಯಿ ಬರತೊಡಗಿತು. ಯಂತ್ರಗಳನ್ನು ತರಿಸುವುದು ಸುಲಭವಾಯಿತು. 1993ರಲ್ಲಿ ಇನ್ಫೋಸಿಸ್ ಸಂಸ್ಥೆ ಸಾರ್ವಜನಿಕರಿಗೆ ಷೇರುಗಳನ್ನು ಮಾರಿತು. ಈ ಉದ್ಯಮಕ್ಕೆ ರೈಲು ಬೇಡ, ಬಂದರು ಬೇಡ, ವಿಸ್ತಾರವಾದ ಭೂಮಿ ಬೇಡ. ಅಡ್ಡಿಯನ್ನು ತೆಗೆದರೆ ಸಾಕಾಗಿದ್ದಿತು. ಹಾಗೆಂದ ಮಾತ್ರಕ್ಕೆ ಅದು ಬರಿಯ ನೆಲದಲ್ಲಿ ಹುಟ್ಟಿತೆಂದು ತಿಳಿಯಬಾರದು. ಬೆಂಗಳೂರಿನಲ್ಲಿ 1909ರಲ್ಲಿ ವಿಜ್ಞಾನ ಸಂಸ್ಥೆ ನೆಲೆಗೊಂಡಿತು. 1940ರಲ್ಲಿ ವಿಮಾನ ಕಾರ್ಖಾನೆ ಬಂದಿತು. 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದುವು. ಸರ್ಕಾರವು ಕಡಮೆ ಶುಲ್ಕದಲ್ಲಿ ಎಂಜಿನಿಯರುಗಳನ್ನು ಓದಿಸಿದ್ದಿತು. ಎಷ್ಟೋ ದಶಕಗಳ ಕಾಲ ಕಟ್ಟಿದ್ದುದರಿಂದಲೇ ಬಿಚ್ಚಿದ ಕೂಡಲೆ ಫಲ ದೊರೆಯಿತು. ಈ ಸಂಗತಿಯನ್ನು ಸ್ವೇಚ್ಛಾ ವ್ಯಾಪಾರದ ಪಕ್ಷಪಾತಿಗಳು ಮರೆಯುತ್ತಾರೆ.

ಇನ್ನು ಚಿಕ್ಕ ಕೈಗಾರಿಕೆಗಳ ಮಾತು. ಕೆಲವು ವಸ್ತುಗಳನ್ನು ಚಿಕ್ಕ ಕೈಗಾರಿಕೆಗಳೇ ತಯಾರಿಸಬೇಕೆಂಬ ಮೀಸಲಾತಿ 1967ರಲ್ಲಿ 47 ವಸ್ತುಗಳಿಂದ ಆರಂಭವಾಗಿ, 1991ರ ವೇಳೆಗೆ 800ಕ್ಕೂ ಹೆಚ್ಚು ವಸ್ತುಗಳಿಗೆ ಹಬ್ಬಿದ್ದಿತು. ಉದ್ದೇಶ ಒಳ್ಳೆಯದೇ. ಆದರೆ ಅದರ ನಿಬಂಧನೆ ವಿಚಿತ್ರವಾದುದು. ಯಂತ್ರೋಪಕರಣಗಳಲ್ಲಿ ತೊಡಗಿಸಿದ ಬಂಡವಾಳ ಗೊತ್ತಾದ ಮಿತಿಯನ್ನು ದಾಟಿದರೆ ಚಿಕ್ಕ ಕೈಗಾರಿಕೆಯೆಂಬ ಹೆಸರೂ ಸೌಲಭ್ಯವೂ ತಪ್ಪುತ್ತಿದ್ದುವು. 1991ರಲ್ಲಿ ಆ ಮಿತಿ 60 ಲಕ್ಷ ರೂಪಾಯಿ. ಅಂದರೆ ಚೆನ್ನಾಗಿ ದುಡಿದು ಬೆಳೆದವನಿಗೆ ದಂಡ, ಬೆಳೆಯದೆ ಉಳಿದವನಿಗೆ ಬಹುಮಾನ! ದೊಡ್ಡ ಕೈಗಾರಿಕೆಗಳ ಲೈಸೆನ್ಸು ಒಂದೇ ದಿನದಲ್ಲಿ ಹೋಯಿತು. ಚಿಕ್ಕವರ ಕಾಲಿನ ಈ ಸರಪಳಿ ಮಾತ್ರ ಒಂದೊಂದೇ ಕೊಂಡಿಯಾಗಿ ಕಳಚುತ್ತ, ಉಳಿದಿದ್ದ ಕೊನೆಯ 20 ವಸ್ತುಗಳ ಮೀಸಲಾತಿ ರದ್ದಾದುದು 2015ರಲ್ಲಿ. ಈ ನಡುವೆ, 2001ರ ಏಪ್ರಿಲ್ ವೇಳೆಗೆ, ಬಳಕೆಯ ಸರಕುಗಳ ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧಗಳು ಹೋಗಿದ್ದುವು. ಹೀಗಾಗಿ ಹೊರದೇಶದ ದೊಡ್ಡ ಕಾರ್ಖಾನೆಯ ಸರಕು ನಮ್ಮ ಅಂಗಡಿಗೆ ಬರಬಹುದು. ನಮ್ಮವನು ಅಂಥ ಕಾರ್ಖಾನೆಯನ್ನು ತೆರೆಯುವಂತಿಲ್ಲ ಎಂಬ ಸ್ಥಿತಿ ಅನೇಕ ವಸ್ತುಗಳ ವಿಷಯದಲ್ಲಿ ಒದಗಿತು.

ಆ ಕೊನೆಯ 20 ವಸ್ತುಗಳಲ್ಲಿ ಉಪ್ಪಿನಕಾಯಿ, ಮೇಣದಬತ್ತಿ, ಬೆಂಕಿಪೊಟ್ಟಣ, ಗಾಜಿನ ಬಳೆಗಳೊಡನೆ ನಮ್ಮ ಮೈಸೂರು ಬೆಂಗಳೂರುಗಳ ಹೆಸರನ್ನು ಲೋಕಕ್ಕೆಲ್ಲ ಹರಡಿದ ಊದುಬತ್ತಿಯೂ ಸೇರಿದ್ದಿತು. ಈ ಕಸಬಿನಲ್ಲಿ ಕೈಯಿಂದ ಬತ್ತಿ ಹೊಸೆಯುವವರು ಬಹುಮಟ್ಟಿಗೆ ಹೆಂಗಸರು. ಮನೆಯಲ್ಲಿಯೇ ಕುಳಿತು, ಸಾವಿರ ಕಡ್ಡಿಗೆ ಇಷ್ಟೆಂದು ಕೂಲಿ ಪಡೆಯುವವರು. ಮೀಸಲಾತಿಯ ದೀರ್ಘಕಾಲದಲ್ಲಿ ಅವರಿಗೆ ಒಳ್ಳೆಯ ಯಂತ್ರವಾಗಲಿ, ಕಡ್ಡಿಗೆ ತಕ್ಕ ಬಿದಿರಿನ ಬೆಳೆಯಾಗಲಿ, ಸುಲಭದ ಸಾಲವಾಗಲಿ ಸಾಕಷ್ಟು ಒದಗಲಿಲ್ಲ. ಕೊನೆಗೆ ಚೀನ ಮತ್ತು ವಿಯೆಟ್ನಾಮ್ ದೇಶಗಳಿಂದ ಕಡ್ಡಿಯೂ ಕಚ್ಚಾ ಬತ್ತಿಯೂ ರಾಶಿರಾಶಿಯಾಗಿ ಬರತೊಡಗಿ, 2019ರಲ್ಲಿ ಸರ್ಕಾರ ಊದುಬತ್ತಿಯ ಆಮದಿಗೆ ತಡೆಹಾಕಬೇಕಾಯಿತು. ಮೀಸಲಾತಿಯಿದ್ದಾಗ ಕಟ್ಟಲಿಲ್ಲ, ಅದನ್ನು ತೆಗೆದಾಗಲೂ ಕಟ್ಟಲಿಲ್ಲ, ಪೆಟ್ಟು ಬಿದ್ದ ಮೇಲೆ ಮತ್ತೆ ಬೇಲಿ ಹಾಕಿದರು. ಬೇಲಿಯೊಂದರಿಂದಲೇ ಬೆಳೆ ಬಾರದು.

ರೈತನನ್ನು ನಾವು ಉದ್ಯಮಿಗಳ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಆದರೆ ಬಂಡವಾಳ ಹೂಡಿ, ಸಾಲ ತಂದು, ಬೆಲೆಯ ಏರಿಳಿತಕ್ಕೆ ತಲೆಯೊಡ್ಡುವ ಆತನಿಗಿಂತ ದೊಡ್ಡ ಸಾಹಸಿ ಯಾರು? 1991ರ ಆಯವ್ಯಯದಲ್ಲಿ ಗೊಬ್ಬರದ ಬೆಲೆಯನ್ನು ಶೇಕಡ 40ರಷ್ಟು ಏರಿಸುವ ಸೂಚನೆಯಿದ್ದಿತು. ಸಂಸತ್ತಿನಲ್ಲಿ ಪ್ರತಿಭಟನೆಯಾದ ಮೇಲೆ ಅದನ್ನು 30ಕ್ಕೆ ಇಳಿಸಿ, ಸಣ್ಣ ಹಿಡುವಳಿದಾರರಿಗೆ ವಿನಾಯಿತಿ ಕೊಡಲಾಯಿತು. ಮರುವರ್ಷ, 1992ರ ಆಗಸ್ಟಿನಲ್ಲಿ, ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಮೇಲಿನ ಬೆಲೆ ನಿಯಂತ್ರಣವನ್ನು ತೆಗೆದು, ಯೂರಿಯಾ ಒಂದನ್ನು ಮಾತ್ರ ನಿಯಂತ್ರಣದಲ್ಲಿಟ್ಟು ಅದರ ಬೆಲೆಯನ್ನು ಇಳಿಸಿದರು. ರೈತನು ಮಾಡಿದುದು ಯಾವ ವರ್ತಕನೂ ಮಾಡುವಂಥದೇ: ಅಗ್ಗವಾದುದನ್ನು ಹೆಚ್ಚು ಕೊಂಡನು. 1991-92ರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಬಳಕೆ ಸುಮಾರು 5.9, 2.4, 1ರ ಪ್ರಮಾಣದಲ್ಲಿದ್ದುದು ಒಂದೇ ವರ್ಷದಲ್ಲಿ 9.5, 3.2, 1ಕ್ಕೆ ಹೋಯಿತು. ಮೂರು ಗೊಬ್ಬರಗಳನ್ನೂ ಕೂಡಿಸಿ ಯೋಚಿಸಬೇಕಾಗಿದ್ದ ನೀತಿಯನ್ನು ಅರ್ಧಕ್ಕೆ ನಿಲ್ಲಿಸಿದುದರ ಫಲವನ್ನು ಮಣ್ಣು ಉಣ್ಣಬೇಕಾಯಿತು.

ರೇಷ್ಮೆಯ ಉದಾಹರಣೆ ಈಚಿನದು. 2011ರ ಕೇಂದ್ರ ಆಯವ್ಯಯವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿತು. ನೇಯುವವರಿಗೆ ಅಗ್ಗದ ನೂಲು ದೊರೆಯಲೆಂಬ ಉದ್ದೇಶವನ್ನು ತಪ್ಪೆನ್ನುವಂತಿಲ್ಲ. ಆದರೆ ನಮ್ಮ ಹಳೆಯ ಮೈಸೂರಿನ ಜಿಲ್ಲೆಗಳಲ್ಲಿ ಗೂಡಿನ ಬೆಲೆ ಕುಸಿಯಿತು. 2013ರಲ್ಲಿ ಸುಂಕವನ್ನು ಪುನಃ 15ಕ್ಕೆ ಏರಿಸಲಾಯಿತು. ಹಿಪ್ಪುನೇರಳೆ ರಾಗಿಯಂತೆ ಒಂದು ಬೆಳೆಗೆ ಮುಗಿಯುವ ಪೈರಲ್ಲ. ನೆಟ್ಟರೆ ಹಲವು ವರ್ಷ ನಿಲ್ಲುವ ಗಿಡ. ಬೆಲೆ ಬಿತ್ತೆಂದು ಕಿತ್ತೆಸೆದವನು ಸುಂಕ ಏರಿತೆಂದು ಮರುದಿನ ಸೊಪ್ಪು ಕೊಯ್ಯಲಾರನು. ವ್ಯಾಪಾರಕ್ಕೆ ಹೆಚ್ಚಿನ ಸುಂಕಕ್ಕಿಂತಲೂ ಕಡಮೆ ಸುಂಕಕ್ಕಿಂತಲೂ ಅಗತ್ಯವಾದುದು ನಾಳೆ ಏನಾದೀತೆಂಬ ಭರವಸೆ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಎಲ್ಲಿಯೂ ಸರಿಯಾಗಿ ನಡೆಯಲಿಲ್ಲವೇ ಎಂದು ಕೇಳಬಹುದು. ನಡೆದ ನಿದರ್ಶನವೂ ನಮ್ಮ ನಾಡಿನಲ್ಲಿಯೇ ಇದೆ. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ಭಾಗ ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಬೆಳೆಯುವುದಷ್ಟೆ. 1942ರ ಕಾಯಿದೆಯಂತೆ ಬೆಳೆಗಾರನು ತನ್ನ ಫಸಲನ್ನು ಕಾಫಿ ಮಂಡಳಿಗೆ ಒಪ್ಪಿಸಬೇಕಾಗಿದ್ದಿತು. ಮಂಡಳಿ ಅದನ್ನು ಮಾರಿ ಕಂತುಕಂತಾಗಿ ಹಣ ಕೊಡುತ್ತಿದ್ದಿತು. ಈ ಕಟ್ಟನ್ನು ಒಂದೇ ಏಟಿಗೆ ಕತ್ತರಿಸಲಿಲ್ಲ. 1992ರಲ್ಲಿ ಬೆಳೆಯ ಶೇಕಡ 30 ಭಾಗವನ್ನು ಬೆಳೆಗಾರನೇ ದೇಶದೊಳಗೆ ಮಾರಿಕೊಳ್ಳಬಹುದೆಂದರು. ಆ ಭಾಗ ವರ್ಷವರ್ಷಕ್ಕೆ ಹೆಚ್ಚಿತು. 1996ರಲ್ಲಿ ಎಲ್ಲರಿಗೂ ಪೂರ್ಣ ಸ್ವಾತಂತ್ರ್ಯ ದೊರೆಯಿತು. ಅಷ್ಟರಲ್ಲಿ ಬೆಳೆಗಾರನು ಮಾರುಕಟ್ಟೆಯ ಮರ್ಮವನ್ನು ಕಲಿಯಲು ಕಾಲ ಸಿಕ್ಕಿದ್ದಿತು. 1994ರಲ್ಲಿ ಬ್ರೆಜಿಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ನಾಶವಾಗಿ ಲೋಕದಲ್ಲಿ ಬೆಲೆ ಏರಿದಾಗ ಅದರ ಲಾಭವೂ ಅವನ ಕೈ ಸೇರಿತು. ಅದಕ್ಕಿಂತ ಮುಖ್ಯವಾದುದು, ಮಾರುವ ಹೊಣೆಯನ್ನು ಬಿಟ್ಟ ಮಂಡಳಿ ಸಂಶೋಧನೆಯ ಹೊಣೆಯನ್ನು ಬಿಡಲಿಲ್ಲ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಪ್ರಯೋಗ ಕೇಂದ್ರದ ಕೆಲಸ ಮುಂದುವರಿಯಿತು. ಮುಂದೆ 2001ರ ಸುಮಾರಿಗೆ ಜಗತ್ತಿನ ಬೆಲೆ ಕುಸಿದು ಬೆಳೆಗಾರರು ಸಾಲದಲ್ಲಿ ಸಿಕ್ಕಿಕೊಂಡುದು ನಿಜ. ಆದರೂ ಹಂತಹಂತವಾಗಿ ಬಿಚ್ಚಿ, ಉಳಿಸಬೇಕಾದುದನ್ನು ಉಳಿಸಿದರೆ ಉದ್ಯಮವು ತನ್ನ ಕಾಲ ಮೇಲೆ ನಿಲ್ಲುವುದೆಂಬುದಕ್ಕೆ ಕಾಫಿಯೇ ಸಾಕ್ಷಿ.

ಕೂಲಿಗಾರರ ವಿಷಯದಲ್ಲಿ ಇಷ್ಟು ಎಚ್ಚರ ತೋರಲಿಲ್ಲ. ನಷ್ಟದ ಕಾರ್ಖಾನೆಗಳಿಂದ ಹೊರಬರುವವರಿಗೆ ಬೇರೆ ಕಸಬನ್ನು ಕಲಿಸಿ ಬಾಳು ಕಟ್ಟಿಕೊಡಲೆಂದು 1992ರಲ್ಲಿ ರಾಷ್ಟ್ರೀಯ ನವೀಕರಣ ನಿಧಿಯನ್ನು ಸ್ಥಾಪಿಸಿದರು. ಆ ನಿಧಿಯ ಹಣ ಬಹುಪಾಲು ಸ್ವಯಂ ನಿವೃತ್ತಿಯ ಪರಿಹಾರಕ್ಕೇ ವೆಚ್ಚವಾಯಿತು. ಕೈಗೆ ಹಣ ಕೊಟ್ಟು ಕಳುಹಿಸುವುದು ಬಿಚ್ಚುವ ಕೆಲಸ. ಕಸಬು ಕಲಿಸುವುದು ಕಟ್ಟುವ ಕೆಲಸ. ಮೊದಲನೆಯದು ನಡೆಯಿತು, ಎರಡನೆಯದು ಹಿಂದುಳಿಯಿತು. ವಿದ್ಯುತ್ತಿನದೂ ಇದೇ ಕತೆ. ಖಾಸಗಿಯವರಿಗೆ ಬಾಗಿಲು ತೆರೆದರೆ ಸಾಕು, ವಿದ್ಯುತ್ತು ತಾನಾಗಿ ಹರಿದುಬರುವುದೆಂದು ನಂಬಿದ್ದರು. ನಮ್ಮ ಕರಾವಳಿಯಲ್ಲಿ 1,000 ಮೆಗಾವ್ಯಾಟ್ ಶಕ್ತಿಯ ಸ್ಥಾವರವನ್ನು ಕಟ್ಟಲು ಮುಂದೆ ಬಂದ ಅಮೆರಿಕದ ಕೊಜೆಂಟ್ರಿಕ್ಸ್ ಸಂಸ್ಥೆ, ವರ್ಷಗಟ್ಟಲೆ ವಾದವಿವಾದ, ಪರಿಸರದ ಆತಂಕ, ನ್ಯಾಯಾಲಯದ ವ್ಯಾಜ್ಯಗಳಲ್ಲಿ ಕಳೆದು 1999ರ ಕೊನೆಯಲ್ಲಿ ಹಿಂದೆಗೆಯಿತು. ಜನರ ಒಪ್ಪಿಗೆಯನ್ನು ಗಳಿಸುವುದೂ ಒಂದು ಕಟ್ಟುವ ಕೆಲಸವೇ. ಅದು ಸಹಿಯಿಂದ ಆಗತಕ್ಕದ್ದಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಬೊಕ್ಕಸ ಬರಿದಾಗಿದ್ದಾಗ ಕಟ್ಟುವುದಕ್ಕೆ ಹಣವೆಲ್ಲಿತ್ತು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೆ? ಮಾತು ಸರಿಯೆ. 1991-92ರಲ್ಲಿ ಕೊರತೆಯನ್ನು ಶೇಕಡ 6ರ ಆಸುಪಾಸಿಗೆ ಇಳಿಸಲೇಬೇಕಾಗಿದ್ದಿತು. ಆದರೆ ಎಲ್ಲಿ ಕತ್ತರಿಸಿದರೆಂಬುದನ್ನು ನೋಡಬೇಕು. ಸರ್ಕಾರಗಳು ಉಳಿತಾಯ ಮಾಡಬೇಕಾದಾಗ ಮೊದಲು ಕತ್ತರಿ ಬೀಳುವುದು ರಸ್ತೆ, ಕಾಲುವೆ, ವಿದ್ಯುತ್ತುಗಳಂಥ ಬಂಡವಾಳ ವೆಚ್ಚದ ಮೇಲೆ. ಏಕೆಂದರೆ ಇನ್ನೂ ಕಟ್ಟದಿರುವ ಸೇತುವೆ ಬೀದಿಗಿಳಿದು ಘೋಷಣೆ ಕೂಗುವುದಿಲ್ಲ. ಆ ವರ್ಷಗಳಲ್ಲಿಯೂ ಹೀಗೆಯೇ ಆಯಿತು. ಬಡತನದ ವರ್ಷದಲ್ಲಿ ಹಬ್ಬದ ಖರ್ಚನ್ನು ಕಡಮೆ ಮಾಡಬೇಕಲ್ಲದೆ ಬಿತ್ತನೆಯ ಕಾಳನ್ನು ಬೇಯಿಸಿ ಉಣ್ಣಬಾರದು. ಅದೂ ಅಲ್ಲದೆ, ಅಪಾಯ ಕಳೆದು ಬೊಕ್ಕಸ ತುಂಬಿದ ವರ್ಷಗಳಲ್ಲಿಯೂ ಚಿಕ್ಕವರ ಕೆಲಸ ನಿಧಾನವಾಗಿಯೇ ಸಾಗಿತಲ್ಲ, ಅದಕ್ಕೆ ಬಡತನ ಕಾರಣವಾಗಲಾರದು. ಅಪಾಯವಿದ್ದಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಅಪಾಯ ಕಳೆದ ಮೇಲೆ ಗಟ್ಟಿಯಾಗಿ ಕೂಗಬಲ್ಲವರ ಮಾತು ಮಾತ್ರ ಕೇಳಿಸುತ್ತದೆ.

ಇದರಿಂದ ನಮಗೇನೆಂದು ಸಹಪಾಠಿಗಳು ಕೇಳಬಹುದು. 2024ರ ಸೆಪ್ಟೆಂಬರಿನಲ್ಲಿ ನಮ್ಮ ವಿದೇಶೀ ವಿನಿಮಯದ ಸಂಚಯ 70,000 ಕೋಟಿ ಡಾಲರನ್ನು ದಾಟಿತು. 1991ರ ಭಯ ಇಂದು ಇಲ್ಲ. ಆದರೆ 2023-24ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದುಡಿಯುವವರ ಪೈಕಿ ಶೇಕಡ 46ರಷ್ಟು ಮಂದಿ ಇನ್ನೂ ಬೇಸಾಯದಲ್ಲಿದ್ದಾರೆ. ರಾಷ್ಟ್ರೀಯ ಉತ್ಪನ್ನದಲ್ಲಿ ಬೇಸಾಯದ ಪಾಲಾದರೋ ಶೇಕಡ 18ರ ಆಸುಪಾಸು. ಭೂಮಿಯಿಂದ ಬಿಡುಗಡೆ ಹೊಂದಿ ಬರುವವರಿಗೆ ಕೆಲಸ ಕೊಡಬೇಕಾಗಿದ್ದುದು ತಾಲ್ಲೂಕು ಕೇಂದ್ರಗಳ ಚಿಕ್ಕ ಮತ್ತು ನಡುತರದ ಕಾರ್ಖಾನೆಗಳು. ಅವು ಬೆಳೆಯಲಿಲ್ಲವಾದುದರಿಂದ ಒಂದು ಕಡೆ ಬೆಂಗಳೂರಿನ ಗಾಜಿನ ಸೌಧಗಳು, ಇನ್ನೊಂದು ಕಡೆ ಮಳೆಯನ್ನು ನೋಡುವ ಹೊಲ, ನಡುವೆ ಏನೂ ಇಲ್ಲ. ಈ ಕಾಲೇಜಿನಲ್ಲಿ ನನ್ನಂತೆ ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಹೊಸ್ತಿಲು ಮುಟ್ಟಿದವರು ಬಹಳ ಮಂದಿ. ಬಿ.ಎ. ಮುಗಿಸಿದವನು ಒಂದು ಸರ್ಕಾರಿ ಹುದ್ದೆಗೆ ಸಾವಿರಾರು ಮಂದಿಯೊಡನೆ ಅರ್ಜಿ ಹಾಕಿ ಕಾಯುವುದು ಅವನ ಸೋಮಾರಿತನದಿಂದಲ್ಲ. ಆ ನಡುವಿನ ಜಾಗ ಬರಿದಾಗಿರುವುದರಿಂದ.

ಆದುದರಿಂದ ಮುಂದೆ ಯಾವ ಪಕ್ಷದ ಹೊಸ ಸರ್ಕಾರ ಬಂದರೂ, ಅದು ದೆಹಲಿಯದಾಗಲಿ ನಮ್ಮ ರಾಜ್ಯದ್ದಾಗಲಿ, ಮೂರು ಪ್ರಶ್ನೆಗಳನ್ನು ನಾವು ಕೇಳಬೇಕು. ಮೊದಲನೆಯದು: ನೀವು ತೆಗೆಯುವ ಪ್ರತಿಯೊಂದು ನಿರ್ಬಂಧದ ಜಾಗದಲ್ಲಿ ಏನನ್ನು ಕಟ್ಟುವಿರಿ? ಎರಡನೆಯದು: ದೊಡ್ಡವರಿಗೆ ಒಂದು ದಿನದಲ್ಲಿ ದೊರೆತ ಅನುಕೂಲ ಚಿಕ್ಕವರಿಗೆ ಎಷ್ಟು ದಿನದಲ್ಲಿ ದೊರೆಯುವುದು? ಮೂರನೆಯದು: ಸುಂಕ, ಬೆಲೆ, ಸಹಾಯಧನಗಳನ್ನು ಬದಲಾಯಿಸುವ ಮೊದಲು, ಗಿಡ ನೆಟ್ಟವನಿಗೂ ಯಂತ್ರ ಕೊಂಡವನಿಗೂ ಎಷ್ಟು ಕಾಲದ ಮುನ್ಸೂಚನೆ ಕೊಡುವಿರಿ? ಈ ಪ್ರಶ್ನೆಗಳು ಬಲಪಂಥದವೂ ಅಲ್ಲ, ಎಡಪಂಥದವೂ ಅಲ್ಲ. ಮನೆ ನಡೆಸುವ ಯಾವ ಗೃಹಿಣಿಯಾದರೂ ಕೇಳತಕ್ಕ ಪ್ರಶ್ನೆಗಳು.

ಹೊಸ ಸರ್ಕಾರದ ಮೊದಲ ತಿಂಗಳನ್ನು ಪತ್ರಿಕೆಗಳು ವರ್ಣಿಸುತ್ತವೆ, ಪಠ್ಯಪುಸ್ತಕಗಳು ನೆನಪಿಡುತ್ತವೆ. ಅದರ ನಾಲ್ಕನೆಯ ವರ್ಷವನ್ನು ಯಾರೂ ವರ್ಣಿಸುವುದಿಲ್ಲ. ಆದರೆ ಊದುಬತ್ತಿ ಹೊಸೆಯುವ ಹೆಂಗಸಿಗೂ, ಗೂಡು ಮಾರುವ ರೈತನಿಗೂ, ಪದವಿ ಪತ್ರವನ್ನು ಹಿಡಿದು ಹೊರಡಲಿರುವ ನಮಗೂ ಸಂಬಂಧಪಟ್ಟುದು ಆ ನಾಲ್ಕನೆಯ ವರ್ಷವೇ. ಮತ ಹಾಕುವಾಗ ಮಾತ್ರವಲ್ಲದೆ, ಮತ ಹಾಕಿದ ಮೇಲೆಯೂ ಲೆಕ್ಕ ಕೇಳುವ ಅಭ್ಯಾಸವನ್ನು ವಿದ್ಯಾವಂತರಾದ ನಾವು ಬೆಳೆಸಿಕೊಂಡರೆ, ನಮ್ಮನ್ನು ಓದಿಸಿದ ನಾಡಿನ ಋಣದಲ್ಲಿ ಒಂದಿಷ್ಟನ್ನಾದರೂ ತೀರಿಸಿದಂತಾಗುವುದು.